ಪಂಪು ಕೆಟ್ಟ ದಿನದ ವಿಸಿಟಿಂಗ್ ಕಾರ್ಡು

ಸಕಲೇಶಪುರವಾಗಲಿ, ಆಲೂರಾಗಲಿ, ನಡುವಿನ ಬಾಳ್ಳುಪೇಟೆಯಾಗಲಿ, ಗೊಬ್ಬರದಂಗಡಿಗೆ ಕಾಲಿಟ್ಟರೆ ಮೇಜಿನ ಗಾಜಿನಡಿ ವಿಸಿಟಿಂಗ್ ಕಾರ್ಡುಗಳು ಒತ್ತೊತ್ತಾಗಿ ಕಾಣುತ್ತವೆ. ಮೋಟಾರ್ ರಿವೈಂಡಿಂಗ್ ಮಾಡುವವರು, ತೋಟದ ನೆರಳು ಮರ ಸವರುವ ಮರಗಸಿಗೆ ಆಳು ಕರೆತರುವ ಮೇಸ್ತ್ರಿಗಳು, ಪಿಕಪ್ ಬಾಡಿಗೆಯವರು, ಜೆಸಿಬಿಯವರು, ಕಾಫಿ ಮೆಣಸು ಕೊಳ್ಳುವವರು, ಹೋಂಸ್ಟೇ ನಡೆಸುವವರು ಎಲ್ಲರ ಹೆಸರೂ ಅಲ್ಲಿವೆ. ಅವುಗಳಲ್ಲಿ ಎಷ್ಟು ಕಾರ್ಡುಗಳು ಒಡೆಯನಿಗೆ ಒಂದಾದರೂ ಕರೆ ತಂದುಕೊಟ್ಟಿವೆ ಎಂದು ಕೇಳಿಕೊಂಡರೆ ಉತ್ತರ ಉತ್ಸಾಹ ತರುವಂಥದ್ದಲ್ಲ. ಮೊಬೈಲ್ ಬಂದ ಮೇಲೆ ಕಾರ್ಡಿನ ಕಾಲ ಮುಗಿಯಿತು ಎಂದು ಹಲವರು ತೀರ್ಮಾನಿಸಿಬಿಟ್ಟಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಬೆಟ್ಟಗಳಲ್ಲಿ ಕಾರ್ಡಿಗೆ ಇನ್ನೂ ಕೈತುಂಬ ಕೆಲಸವಿದೆ. ಮಾಡಿಸುವವರು ತಮ್ಮ ಹೆಸರನ್ನು ನೋಡಿಕೊಂಡು ಮಾಡಿಸುತ್ತಾರೆ, ಅದನ್ನು ಹುಡುಕಿ ತೆಗೆಯುವವರ ಗಳಿಗೆಯನ್ನು ನೆನೆಯುವುದಿಲ್ಲ.

ಆ ಗಳಿಗೆ ಹೇಗಿರುತ್ತದೆ ನೋಡೋಣ. ಫೆಬ್ರವರಿ ಕಳೆದಿದೆ, ಹೂಮಳೆ ಬಂದಿಲ್ಲ. ರೊಬಸ್ಟಾ ಗಿಡದಲ್ಲಿ ಮೊಗ್ಗು ತಯಾರಾಗಿ ನಿಂತಿದೆ. ಬೆಳೆಗಾರ ಕೆರೆಗೆ ಪಂಪು ಇಳಿಸಿ, ಪೈಪು ಜೋಡಿಸಿ, ಸ್ಪ್ರಿಂಕ್ಲರ್ ತಿರುಗಿಸಿದ್ದಾನೆ. ನೀರು ಬಿದ್ದ ಏಳೆಂಟು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಬೇಕು. ಅರ್ಧ ತೋಟ ಮುಗಿಯುವಷ್ಟರಲ್ಲಿ ಮೋಟಾರು ಸುಟ್ಟುಹೋಯಿತು. ಉಳಿದರ್ಧಕ್ಕೆ ನೀರು ತಡವಾದರೆ ಹೂವು ಹಿಂದುಮುಂದಾಗುತ್ತದೆ. ಹೂವು ಹಿಂದುಮುಂದಾದರೆ ಹಣ್ಣೂ ಹಿಂದುಮುಂದು, ಕೊಯ್ಲಿಗೆ ಆಳಿನ ಖರ್ಚು ಹೆಚ್ಚು. ಈ ಹೊತ್ತಿನಲ್ಲಿ ತೋಟದ ರೈಟರ್ ಮೇಜಿನ ಡ್ರಾಯರ್ ಎಳೆದು ಕಾರ್ಡುಗಳನ್ನು ಹರವುತ್ತಾನೆ. ಅವನಿಗೆ ಬೇಕಿರುವುದು ಮೂರೇ ಸಂಗತಿ. ಈ ಮನುಷ್ಯ ಡೀಸೆಲ್ ಪಂಪು ನೋಡುತ್ತಾನೋ, ಬರೀ ಕರೆಂಟ್ ಮೋಟಾರೋ? ತೋಟಕ್ಕೇ ಬರುತ್ತಾನೋ, ನಾವೇ ಹೊತ್ತುಕೊಂಡು ಹೋಗಬೇಕೋ? ಈಗಲೇ ಫೋನ್ ಎತ್ತುತ್ತಾನೋ?

ಕೈಗೆ ಸಿಕ್ಕ ಕಾರ್ಡು ಹೇಳುವುದೇನು? ಮೇಲೆ ಮನೆದೇವರ ಚಿತ್ರ. ಅದರ ಕೆಳಗೆ ಬಳುಕುವ ಇಂಗ್ಲಿಷ್ ಅಕ್ಷರದಲ್ಲಿ ಯಾವುದೋ ಎಂಟರ್‌ಪ್ರೈಸಸ್. ಪಕ್ಕದಲ್ಲಿ ಪ್ರೊಪ್ರೈಟರ್ ಎಂಬ ಬಿರುದು. ಕೊನೆಯಲ್ಲಿ, ಎಲ್ಲಾ ಬಗೆಯ ಕೆಲಸಗಳನ್ನು ಮಾಡಿಕೊಡಲಾಗುವುದು ಎಂಬ ಸಾಲು. ಎಲ್ಲಾ ಬಗೆಯ ಎಂದಾಗ ಯಾವ ಬಗೆಯದೂ ತಿಳಿಯುವುದಿಲ್ಲ. ದೇವರ ಚಿತ್ರಕ್ಕೆ ನನ್ನ ತಕರಾರಿಲ್ಲ, ಅದು ಅವರವರ ಭಕ್ತಿ. ಆದರೆ ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲದ ಜಾಗದಲ್ಲಿ ಕಾಲುಭಾಗ ಚಿತ್ರಕ್ಕೆ, ಕಾಲುಭಾಗ ಬಿರುದಿಗೆ ಹೋದರೆ ಕೆಲಸದ ಮಾತಿಗೆ ಉಳಿಯುವುದು ಅರ್ಧ. ‘ಡೀಸೆಲ್ ಮತ್ತು ವಿದ್ಯುತ್ ಪಂಪ್ ರಿಪೇರಿ. ತೋಟಕ್ಕೆ ಬಂದು ನೋಡುತ್ತೇವೆ. ಜನವರಿಯಿಂದ ಏಪ್ರಿಲ್‌ವರೆಗೆ ಭಾನುವಾರವೂ ಕೆಲಸ ಉಂಟು. ಹೆತ್ತೂರು, ಯಸಳೂರು, ಹಾನುಬಾಳು ಕಡೆಗೆಲ್ಲ ಬರುತ್ತೇವೆ.’ ನಾಲ್ಕೇ ಮಾತು. ಇಷ್ಟು ಬರೆದ ಕಾರ್ಡನ್ನು ರೈಟರ್ ಬದಿಗಿಡುವುದಿಲ್ಲ.

ಕಾಫಿ ಕೊಳ್ಳುವವರ ಕಾರ್ಡುಗಳದ್ದೂ ಇದೇ ಕಥೆ. ಕಾಫಿ, ಮೆಣಸು, ಏಲಕ್ಕಿ ಖರೀದಿಸುತ್ತೇವೆ ಎಂಬುದು ಎಲ್ಲರ ಕಾರ್ಡಿನಲ್ಲೂ ಇರುವ ಮಾತು. ಐದಾರು ಎಕರೆಯ ಬೆಳೆಗಾರನಿಗೆ ಇರುವ ಅಳುಕೇ ಬೇರೆ. ಒಣಗಿದ ಚೆರಿಯ 50 ಕೆಜಿ ಮೂಟೆಯಿಂದ ಎಷ್ಟು ಕೆಜಿ ಬೀಜ ಇಳಿಯುತ್ತದೆ ಎಂಬ ಓ.ಟಿ. ಲೆಕ್ಕದ ಮೇಲೆ ಅವನ ದರ ನಿಂತಿದೆ. ಆ ಓ.ಟಿ.ಯನ್ನು ತನ್ನ ಕಣ್ಣೆದುರೇ ತೆಗೆಯುತ್ತಾರೋ ಇಲ್ಲವೋ, ಕಣದಿಂದಲೇ ಮಾಲು ಎತ್ತುತ್ತಾರೋ ಇಲ್ಲವೋ, ಹಣ ಅಂದೇ ಕೈಸೇರುತ್ತದೋ ವಾರ ಕಾಯಬೇಕೋ ಎಂಬುದು ಅವನ ಪ್ರಶ್ನೆ. ಇದಕ್ಕೆ ಒಂದು ಸಾಲಿನಲ್ಲಿ ಉತ್ತರ ಬರೆಯುವ ವ್ಯಾಪಾರಿ, ಬರೆದಂತೆ ನಡೆಯಲೂ ಬೇಕಾಗುತ್ತದೆ. ಬಾಯಿಮಾತನ್ನು ಮರೆಯಬಹುದು, ಅಚ್ಚಾದ ಮಾತನ್ನು ಗಿರಾಕಿ ಎದುರಿಗೆ ಹಿಡಿದು ಕೇಳುತ್ತಾನೆ. ಬಹಳಷ್ಟು ಜನ ಕಾರ್ಡಿನಲ್ಲಿ ಹೆಸರು ನಂಬರು ಬಿಟ್ಟು ಬೇರೇನೂ ಬರೆಯದಿರುವುದಕ್ಕೆ ಈ ಹಿಂಜರಿಕೆಯೂ ಒಂದು ಕಾರಣ ಇದ್ದೀತು.

ಹೆಸರು ಹೇಳಿಕೊಂಡು ಮಾರುವ ಅಭ್ಯಾಸವೇ ಈ ಸೀಮೆಗೆ ತೀರಾ ಹಳೆಯದಲ್ಲ ಎಂಬುದನ್ನೂ ಗಮನಿಸಬೇಕು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ತೋಟದ ಮಾಲು ಕ್ಯೂರಿಂಗ್ ವರ್ಕ್ಸಿಗೆ ಹೋಗುತ್ತಿತ್ತು, ದರ್ಜೆ ಪ್ರಕಾರ ಬೇರೆಯವರ ಮಾಲಿನೊಂದಿಗೆ ಬೆರೆಯುತ್ತಿತ್ತು, ಬೋರ್ಡು ಹರಾಜು ಹಾಕುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ತನ್ನ ಕಾಫಿಯನ್ನು ಯಾರು ಕುಡಿದರೆಂದು ಬೆಳೆದವನಿಗೆ ಗೊತ್ತಿಲ್ಲ, ಬೆಳೆದವನು ಯಾರೆಂದು ಕುಡಿದವನಿಗೆ ಗೊತ್ತಿಲ್ಲ. ಅಂಥ ವ್ಯವಸ್ಥೆಯಲ್ಲಿ ಬೆಳೆಗಾರನಿಗೆ ವಿಸಿಟಿಂಗ್ ಕಾರ್ಡಿನ ಅಗತ್ಯವಾದರೂ ಏನಿತ್ತು? 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಎಲ್ಲ ಬೆಳೆಗಾರರೂ ಪೂರ್ತಿ ಫಸಲನ್ನು ತಮಗಿಷ್ಟ ಬಂದವರಿಗೆ ಮಾರಬಹುದೆಂದಾಯಿತು. ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಮಳಿಗೆ ತೆರೆಯಿತು. ಮಲೆನಾಡಿನ ಬೀಜಕ್ಕೆ ಪೇಟೆಯಲ್ಲಿ ಒಂದು ಹೆಸರು ಹುಟ್ಟಿತು, ಆದರೆ ಅದು ಕಂಪನಿಯ ಹೆಸರು. ಸಣ್ಣ ಬೆಳೆಗಾರನ ಹೆಸರು ಹುಟ್ಟುವ ಕೆಲಸ ಈಗಲೂ ನಡೆಯುತ್ತಲೇ ಇದೆ. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ತೋಟದವರು. ಅವರ ಮಕ್ಕಳು ಈಗ ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ ಪೊಟ್ಟಣ ಕಟ್ಟುತ್ತಿದ್ದಾರೆ, ಎರಡು ಕೋಣೆಯ ಹೋಂಸ್ಟೇ ಇಟ್ಟಿದ್ದಾರೆ, ಮೆಣಸಿನ ಬಳ್ಳಿಯ ನರ್ಸರಿ ಮಾಡಿದ್ದಾರೆ. ಇವರಿಗೆ ಜಾಹೀರಾತಿಗೆ ಲಕ್ಷ ಸುರಿಯುವ ತಾಕತ್ತಿಲ್ಲ. ಕೆಲವು ನೂರು ರೂಪಾಯಿಯಲ್ಲಿ ಆಗುವ ಕಾರ್ಡು ಅವರ ಮೊದಲ ಜಾಹೀರಾತು, ಹಲವರಿಗೆ ಅದೊಂದೇ ಜಾಹೀರಾತು.

ಹೀಗಿರುವಾಗ ಸಕಲೇಶಪುರದ ಕಾಫಿ ಪುಡಿಯ ಕಾರ್ಡಿನಲ್ಲಿ ಏನಿರಬೇಕು? ನೂರಕ್ಕೆ ನೂರು ಶುದ್ಧ ಎಂದು ಎಲ್ಲರೂ ಬರೆಯುತ್ತಾರೆ. ಮಂಜರಾಬಾದ್ ಎಂಬ ಹೆಸರನ್ನು ಬರೆಯುವವರು ವಿರಳ. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದಾಗಿ ಈ ಹೆಸರು ಪ್ರವಾಸಿಗರಿಗೆ ಪರಿಚಿತ. ಕಾಫಿ ಬೋರ್ಡು ಗುರುತಿಸಿರುವ ಕಾಫಿ ಪ್ರದೇಶಗಳ ಪಟ್ಟಿಯಲ್ಲೂ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಜೊತೆಗೆ ಮಂಜರಾಬಾದ್ ಇದೆ. ಆದರೆ 2019ರಲ್ಲಿ ಐದು ಕಾಫಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವಯನಾಡು, ಅರಕು ಕಣಿವೆ ಸೇರಿದವು, ಮಂಜರಾಬಾದ್ ಹೊರಗುಳಿಯಿತು. ಚಿಕ್ಕಮಗಳೂರು ಕಾಫಿ ಎಂದರೆ ಬೆಂಗಳೂರಿನ ಗಿರಾಕಿಗೆ ವಿವರಿಸಬೇಕಿಲ್ಲ, ಮಂಜರಾಬಾದ್ ಕಾಫಿ ಎಂದರೆ ವಿವರಿಸಬೇಕು. ಆ ವಿವರಣೆಗೆ ಕಾರ್ಡಿನ ಹಿಂಬದಿ ಹೇಳಿ ಮಾಡಿಸಿದ ಜಾಗ: ಅರೇಬಿಕಾನೋ ರೊಬಸ್ಟಾನೋ, ಯಾವ ತಿಂಗಳಲ್ಲಿ ಕೊಯ್ದದ್ದು, ಚಿಕೋರಿ ಇದೆಯೋ ಇಲ್ಲವೋ, ಫಿಲ್ಟರಿಗೆ ಎಷ್ಟು ಚಮಚ. ಒಬ್ಬೊಬ್ಬರೂ ಬೇರೆ ಬೇರೆ ಎಸ್ಟೇಟ್ ಹೆಸರನ್ನು ಮಾತ್ರ ಅಚ್ಚು ಹಾಕಿಸುತ್ತ ಹೋದರೆ ಊರಿನ ಹೆಸರು ಎಂದಿಗೂ ಬೆಳೆಯುವುದಿಲ್ಲ. ಪಕ್ಕದ ತೋಟದವರೂ ಮಂಜರಾಬಾದ್ ಎಂದೇ ಬರೆದುಕೊಂಡರೆ ತಮ್ಮ ಗಿರಾಕಿ ಅತ್ತ ಸರಿದಾನು ಎಂಬ ಭಯವಿದೆ. ಕೊಡಗಿನವರು ಅಂಥ ಭಯದಿಂದ ಕೊಡಗು ಎಂಬ ಹೆಸರನ್ನು ಬಿಡಲಿಲ್ಲ, ನಷ್ಟವನ್ನೂ ಪಡಲಿಲ್ಲ.

ಇನ್ನು ವಿಳಾಸ. ಇಲ್ಲಿನ ಕಾರ್ಡುಗಳಲ್ಲಿ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಪಿನ್‌ಕೋಡ್ 573134 ಎಲ್ಲವೂ ತಪ್ಪದೆ ಇರುತ್ತವೆ. ಅದು ಪೋಸ್ಟ್‌ಮ್ಯಾನ್‌ಗೆ ಬೇಕಾದ ವಿಳಾಸ. ಕತ್ತಲಾಗುವ ಹೊತ್ತಿಗೆ ಹೆದ್ದಾರಿ 75ರಿಂದ ಕಾರು ತಿರುಗಿಸಿ ಮಣ್ಣುದಾರಿ ಹಿಡಿದ ಕುಟುಂಬಕ್ಕೆ ಬೇಕಾದದ್ದು ದಾರಿ. ಮನೆ ನಂಬರಿಲ್ಲದ ಊರಿನಲ್ಲಿ ದಾರಿ ಹೇಳುವುದು ಹೇಗೆ ಎಂಬ ಪ್ರಶ್ನೆ ನಮಗೊಬ್ಬರಿಗೇ ಬಂದದ್ದಲ್ಲ. 1760ರ ದಶಕದಲ್ಲಿ ಬೀದಿಯ ಮನೆಗಳಿಗೆ ಸಂಖ್ಯೆ ಕೊಡುವುದು ಶುರುವಾಗುವ ಮೊದಲು ಲಂಡನ್ನಿನ ವ್ಯಾಪಾರಿಗಳಿಗೂ ಅದೇ ತೊಂದರೆ ಇತ್ತು. ಅವರು ಅಂಗಡಿ ಬಾಗಿಲಿಗೆ ತೂಗುಹಾಕಿದ ಗುರುತಿನ ಚಿತ್ರವನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಇಂಥ ಚರ್ಚಿನ ಹತ್ತಿರ, ಇಂಥ ಬೀದಿಯ ಮೂಲೆ ಎಂದು ಬರೆಸುತ್ತಿದ್ದರು. ಮುಂದೆ ಹೆಸರಾಂತ ಚಿತ್ರಕಾರನಾದ ವಿಲಿಯಂ ಹೋಗಾರ್ತ್ 1720ರಲ್ಲಿ ಸ್ವಂತ ಕಸುಬು ಶುರುಮಾಡಿದಾಗ ತನ್ನ ಕಾರ್ಡನ್ನು ತಾನೇ ಕೆತ್ತಿಕೊಂಡ. ಅಂಥ ಸಾವಿರಾರು ಕಾರ್ಡುಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎಷ್ಟೋ ಕಾರ್ಡುಗಳ ಹಿಂಬದಿಯಲ್ಲಿ ಮಾಲಿನ ಲೆಕ್ಕ, ಸಂದ ಹಣದ ರಸೀದಿ ಕೈಬರಹದಲ್ಲಿದೆ. ಕೊಟ್ಟವನೂ ಪಡೆದವನೂ ಅದನ್ನು ಬಳಸಿದ್ದರು, ಹಾಗಾಗಿ ಅದು ಕಸದ ಬುಟ್ಟಿ ಸೇರಲಿಲ್ಲ.

ಬೆಟ್ಟದ ಹೋಂಸ್ಟೇ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಹಿಂಬದಿಯಲ್ಲಿ ಕೈಯಲ್ಲಿ ಬರೆದಂಥ ಸರಳ ನಕ್ಷೆ: ಹೆದ್ದಾರಿ, ತಿರುವು, ಶಾಲೆ, ಸೇತುವೆ, ಗೇಟು. ಕೊನೆಯ ಎರಡು ಕಿಲೋಮೀಟರು ಮಣ್ಣುದಾರಿ, ಮಳೆಗಾಲದಲ್ಲಿ ತಗ್ಗಿನ ಕಾರು ಬರುವುದಿಲ್ಲ, ನಮ್ಮ ಜೀಪು ಬಂದು ಕರೆದೊಯ್ಯುತ್ತದೆ ಎಂಬ ಸತ್ಯ. ಆನೆ ಓಡಾಡುವ ದಾರಿ, ಸಂಜೆ ಆರರೊಳಗೆ ಬಂದುಬಿಡಿ ಎಂಬ ಎಚ್ಚರಿಕೆ. ಹೀಗೆ ಬರೆದರೆ ಗಿರಾಕಿ ಹೆದರುತ್ತಾನೆ ಎಂದು ಕೆಲವರಿಗೆ ಅನ್ನಿಸುತ್ತದೆ. ಆಲೂರು, ಸಕಲೇಶಪುರದ ಆನೆ ಸಮಸ್ಯೆ ರಾಜ್ಯಕ್ಕೇ ಗೊತ್ತಿರುವ ಸಂಗತಿ, ಮುಚ್ಚಿಟ್ಟು ಸಾಧಿಸುವುದೇನೂ ಇಲ್ಲ. ರೈನ್ ಡ್ಯಾನ್ಸು, ಕ್ಯಾಂಪ್ ಫೈರು ಎಂದು ಪಟ್ಟಿ ಕೊಟ್ಟ ಕಾರ್ಡಿಗಿಂತ, ಕತ್ತಲಾದ ಮೇಲೆ ಹೊರಡಬೇಡಿ ಎಂದ ಕಾರ್ಡಿನವರ ಮನೆಗೇ ನಾನಾದರೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದ್ದರೆ ಆ ಸಂಖ್ಯೆಯೂ ಕಾರ್ಡಿನಲ್ಲಿರಲಿ, ದೂರದಿಂದ ಬರುವ ಹೆಣ್ಣುಮಕ್ಕಳಿಗೆ ಅದೊಂದು ಧೈರ್ಯ.

ಗೂಗಲ್ ಮ್ಯಾಪ್ ಇರುವಾಗ ನಕ್ಷೆ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಿಸಿಲೆ ಕಡೆ ಹೊರಟವರನ್ನು ಕೇಳಿ ನೋಡಿ, ಯಾವ ತಿರುವಿನಲ್ಲಿ ಸಿಗ್ನಲ್ ಹೋಗುತ್ತದೆ ಎಂದು ಅವರೇ ಹೇಳುತ್ತಾರೆ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರೂ ಮಲಗುತ್ತದೆ. ಆದ್ದರಿಂದ ಒಂದೇ ಕಂಪನಿಯ ಎರಡು ನಂಬರಿಗಿಂತ ಬೇರೆ ಬೇರೆ ಕಂಪನಿಯ ಎರಡು ನಂಬರು ಕೊಡುವುದು ಜಾಣತನ. ಯಾವ ನಂಬರಿನಲ್ಲಿ ವಾಟ್ಸ್ಆಪ್ ಇದೆ, ಯಾವುದು ಮನೆಯಲ್ಲಿ ಸದಾ ಸಿಗುತ್ತದೆ ಎಂದೂ ಗುರುತು ಹಾಕಬೇಕು. ಕ್ಯೂಆರ್ ಕೋಡ್ ವಿಷಯದಲ್ಲೂ ಒಂದು ಮಾತು. ಈಗ ಎಲ್ಲ ಕಾರ್ಡಿನ ಮೂಲೆಯಲ್ಲೂ ಅದೊಂದು ಚೌಕ ಕೂತಿರುತ್ತದೆ, ಹೆಚ್ಚಿನವು ಯಾವುದೋ ವೆಬ್‌ಸೈಟಿನ ಕೊಂಡಿ. ನೆಟ್ ಇಲ್ಲದ ಕಡೆ ಅದು ಬರೀ ಕಪ್ಪುಬಿಳಿ ಚೌಕ. ಅದೇ ಕೋಡಿನೊಳಗೆ ಕೊಂಡಿಯ ಬದಲು ಹೆಸರು ಮತ್ತು ಫೋನ್ ನಂಬರನ್ನೇ ಸಂಪರ್ಕ ವಿವರದ ರೂಪದಲ್ಲಿ ತುಂಬಿಸಬಹುದು. ಆಗ ಕ್ಯಾಮೆರಾ ಹಿಡಿದ ಕೂಡಲೇ ನಂಬರು ಫೋನಿನಲ್ಲಿ ಉಳಿಯುತ್ತದೆ, ಇಂಟರ್ನೆಟ್ ಬೇಡ. ಹೆಚ್ಚು ವಿವರ ತುರುಕಿದಷ್ಟೂ ಚುಕ್ಕೆಗಳು ಸಣ್ಣದಾಗುತ್ತವೆ, ಸ್ಕ್ಯಾನ್ ಆಗುವುದಿಲ್ಲ. ಹೆಸರು, ಕಸುಬು, ಎರಡು ನಂಬರು ಸಾಕು. ಚೌಕ ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಬಾರದು. ಅಚ್ಚಿಗೆ ಒಪ್ಪುವ ಮೊದಲು ಹಳೆಯ ಫೋನಿನಲ್ಲಿ, ಮಂದ ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ನೋಡಬೇಕು.

ಕಾಗದದ ಆಯ್ಕೆಯಲ್ಲಿ ನಮ್ಮವರು ಹೊಳಪಿಗೆ ಸೋಲುತ್ತಾರೆ. 300 ಜಿಎಸ್‌ಎಂ ಆರ್ಟ್ ಕಾರ್ಡಿಗೆ ಎರಡೂ ಬದಿ ಗ್ಲಾಸಿ ಲ್ಯಾಮಿನೇಷನ್ ಹಾಕಿಸಿದರೆ ನೋಡಲು ಮಿರುಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೂ ಕಡಿಮೆ. ಆದರೆ ಬಾಲ್‌ಪೆನ್ನು ಅದರ ಮೇಲೆ ಜಾರುತ್ತದೆ. ಮೇಸ್ತ್ರಿ ಒಂದು ಎಕರೆ ಮರಗಸಿಗೆ ಹೇಳಿದ ರೇಟು, ಮೆಕ್ಯಾನಿಕ್ ಬರುತ್ತೇನೆಂದ ದಿನ, ನರ್ಸರಿಯವರು ಹೇಳಿದ ಸಸಿಯ ಲೆಕ್ಕ ಇವನ್ನೆಲ್ಲ ಬೆಳೆಗಾರ ಬರೆದುಕೊಳ್ಳುವುದು ಎಲ್ಲಿ? ಕೈಯಲ್ಲಿರುವ ಕಾರ್ಡಿನ ಹಿಂದೆ. ಬರೆದುಕೊಂಡ ಕಾರ್ಡನ್ನು ಅವನು ಎಸೆಯುವುದಿಲ್ಲ, ಏಕೆಂದರೆ ಅದು ಈಗ ಅವನದೇ ಕಾಗದ. ಮುಂಬದಿಗೆ ಮಾತ್ರ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ ಹಿಂಬದಿಯನ್ನು ಒರಟಾಗಿ ಬಿಡಿ ಎಂದು ಪ್ರೆಸ್ಸಿನವರಿಗೆ ಹೇಳಿದರೆ ಅವರು ಮಾಡಿಕೊಡುತ್ತಾರೆ. ಸಾವಿರ ಕಾರ್ಡಿನ ಬದಲು ಇನ್ನೂರು ಡಿಜಿಟಲ್ ಪ್ರಿಂಟು ಹಾಕಿಸುವುದರಿಂದ ಒಂದೊಂದರ ಖರ್ಚು ಹೆಚ್ಚಾಗುತ್ತದೆ ನಿಜ. ನಂಬರು ಬದಲಾದ ಮೇಲೆ ಎಂಟುನೂರು ಹಳೆಯ ಕಾರ್ಡಿನಲ್ಲಿ ಪೆನ್ನಿನಿಂದ ತಿದ್ದುತ್ತ ಕೂರುವುದಕ್ಕಿಂತ ಅದೇ ವಾಸಿ.

ಕನ್ನಡದ ಮಾತು ಹೇಳದೆ ಮುಂದೆ ಹೋಗಲಾರೆ. ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾನೂನು ಹೇಳುತ್ತದೆ. ಕಾರ್ಡಿಗೆ ಅಂಥ ಕಟ್ಟಳೆ ಇಲ್ಲ, ಅದು ಒಡೆಯನ ವಿವೇಕಕ್ಕೆ ಬಿಟ್ಟದ್ದು. ಪಂಪ್ ಮೆಕ್ಯಾನಿಕ್‌ನ ಗಿರಾಕಿಗಳು ರೈಟರುಗಳು, ಸಣ್ಣ ಬೆಳೆಗಾರರು, ಮನೆಯ ಹಿರಿಯರು. ಇವರಿಗಾಗಿ ಮಾಡಿಸಿದ ಕಾರ್ಡು ಪೂರ್ತಿ ಇಂಗ್ಲಿಷಿನಲ್ಲಿರುವುದಕ್ಕೆ ಒಣ ಗತ್ತು ಬಿಟ್ಟು ಬೇರೆ ಕಾರಣ ನನಗೆ ಕಾಣುವುದಿಲ್ಲ. ಹೋಂಸ್ಟೇಯವರಿಗೆ, ಕಾಫಿ ಪುಡಿಯವರಿಗೆ ಎರಡೂ ಭಾಷೆ ಬೇಕು, ಒಂದೊಂದು ಬದಿಗೆ ಒಂದೊಂದು. ಆಗ ಅಕ್ಷರದ ಗಾತ್ರದ ಕಡೆ ಗಮನವಿರಲಿ. ಇಂಗ್ಲಿಷ್ ಏಳು ಪಾಯಿಂಟಿನಲ್ಲೂ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಅಷ್ಟು ಸಣ್ಣದಾದರೆ ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಹೆತ್ತೂರಿನ ಒತ್ತು ಕರಗಿ ಊರೇ ತಿಳಿಯದಂತಾಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದು ತಂತ್ರಾಂಶಕ್ಕೆ ಹಾಕುವಾಗ ದೀರ್ಘ, ಒತ್ತು ಚೆಲ್ಲಾಪಿಲ್ಲಿಯಾಗುವುದು ಡಿಟಿಪಿ ಅಂಗಡಿಗಳಲ್ಲಿ ದಿನನಿತ್ಯದ ಮಾತು. ಕಂಪ್ಯೂಟರ್ ಪರದೆಯಲ್ಲಿ ನೋಡಿ ಒಪ್ಪದೆ, ಅದೇ ಗಾತ್ರದಲ್ಲಿ ಒಂದು ಪ್ರಿಂಟು ತೆಗೆಸಿ, ಮನೆಯ ಹಿರಿಯರಿಗೆ ಕನ್ನಡಕವಿಲ್ಲದೆ ಓದಲು ಕೊಟ್ಟು ನೋಡಬೇಕು.

ಎಷ್ಟು ಚೆನ್ನಾಗಿ ಮಾಡಿಸಿದ ಕಾರ್ಡಾದರೂ ಯಾರ ಕೈಗೆ ಹೋಗುತ್ತದೆ ಎಂಬುದೇ ಕೊನೆಗೆ ಮುಖ್ಯ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಒಂದು ಮಾತು ತೋರಿಸಿಕೊಟ್ಟರು: ಜನರಿಗೆ ಹೊಸ ಕೆಲಸದ ಸುದ್ದಿ ಬರುವುದು ಆಪ್ತರಿಂದಲ್ಲ, ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಹೆಚ್ಚು. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಬೇರೆ ಬಳಗದಲ್ಲಿ ಓಡಾಡುವವನು ತಾನೇ ಬೇರೆ ಸುದ್ದಿ ತರುವುದು. ನಮ್ಮ ಕಡೆ ಅಂಥ ಬಳಗಗಳ ನಡುವೆ ನಿಂತವರು ಯಾರು? ಗೊಬ್ಬರದಂಗಡಿಯವರು, ಸಹಕಾರ ಸಂಘದ ಕಾರ್ಯದರ್ಶಿ, ಮೆಡಿಕಲ್ ಅಂಗಡಿಯವರು, ಪೆಟ್ರೋಲ್ ಬಂಕಿನವರು, ಕ್ಯೂರಿಂಗ್ ವರ್ಕ್ಸಿನ ಗುಮಾಸ್ತರು, ತೋಟದ ರೈಟರುಗಳು. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುವ ಟ್ಯಾಕ್ಸಿಯವರನ್ನೂ ಸೇರಿಸಬಹುದು. ಇವರಿಗೆ ಒಂದೊಂದು ಕಾರ್ಡು ಕೊಟ್ಟು ಬರುವುದು ವ್ಯರ್ಥ. ಐದೈದು ಕೊಟ್ಟು, ಕೇಳಿದವರಿಗೆ ಕೊಡಿ ಎಂದು ಹೇಳಿ, ಎರಡು ತಿಂಗಳಿಗೊಮ್ಮೆ ಹೋಗಿ ಮಾತಾಡಿಸಿ ಬರಬೇಕು. ಕೋಟೆಯ ಮೆಟ್ಟಿಲ ಬಳಿ ನಿಂತು ಕಂಡಕಂಡ ಪ್ರವಾಸಿಗರಿಗೆ ಹಂಚಿದ ಕಾರ್ಡುಗಳು ಅಲ್ಲೇ ಕಾಲಡಿ ಬಿದ್ದಿರುತ್ತವೆ. ಗೊಬ್ಬರದಂಗಡಿಯವರು ‘ಇವರು ನಂಬಿಗಸ್ತರು’ ಎಂಬ ಒಂದು ಮಾತಿನೊಂದಿಗೆ ಕೊಟ್ಟ ಕಾರ್ಡಿನ ತೂಕವೇ ಬೇರೆ. ಆ ಮಾತನ್ನು ಇನ್‌ಸ್ಟಾಗ್ರಾಮ್ ಹೇಳಲಾರದು. ಕೋಣೆ ಕಾದಿರಿಸುವ ಆ್ಯಪ್‌ಗಳು ಪ್ರತಿ ಬುಕಿಂಗಿನಿಂದ ಕಮಿಷನ್ ಹಿಡಿಯುತ್ತವೆ, ಕಾರ್ಡು ಹಿಡಿದು ನೇರ ಕರೆ ಮಾಡಿದ ಗಿರಾಕಿಯ ಪೂರ್ತಿ ಹಣ ಮನೆಗೇ ಬರುತ್ತದೆ. ಹಾಗೆಂದು ಆ್ಯಪ್ ಬಿಡಿ ಎನ್ನುತ್ತಿಲ್ಲ. ಮೊದಲ ಸಲ ಆ್ಯಪ್‌ನಿಂದ ಬಂದ ಕುಟುಂಬ ಹೊರಡುವಾಗ ಅವರ ಕೈಗೆ ಕೊಡಲು ಒಂದು ಒಳ್ಳೆಯ ಕಾರ್ಡು ಇರಲಿ, ಎರಡನೇ ಸಲ ಅವರು ನೇರವಾಗಿ ಫೋನ್ ಮಾಡಲಿ.

ನನಗೆ ಬಹಳ ಕಾಡುವ ಕೊರತೆ ಇನ್ನೊಂದಿದೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ಮನೆಗಳಿಂದ ಪೇಟೆಗೆ ಬರುವ ಉಪ್ಪಿನಕಾಯಿ, ಜೇನು, ಮನೆ ಚಾಕೊಲೇಟು, ಹುರಿದ ಕಾಫಿ ಪುಡಿ, ಹೋಂಸ್ಟೇಯ ಅಕ್ಕಿರೊಟ್ಟಿ, ಕಡುಬು ಇವುಗಳ ಹಿಂದೆ ಹೆಚ್ಚಾಗಿ ಹೆಂಗಸರ ದುಡಿಮೆಯಿದೆ. ಸ್ತ್ರೀಶಕ್ತಿ ಸಂಘಗಳಲ್ಲಿ ಸಾಲ ಪಡೆದು ಶುರುಮಾಡಿದವರೂ ಅವರೇ. ಕಾರ್ಡಿನಲ್ಲಿ ಮಾತ್ರ ಗಂಡನ ಹೆಸರು, ಗಂಡನ ನಂಬರು. ಆ ಗಂಡಂದಿರು ತೋಟಕ್ಕೋ ಹಾಸನಕ್ಕೋ ಹೋಗಿರುತ್ತಾರೆ. ಮಾವಿನ ಮಿಡಿ ಉಪ್ಪಿನಕಾಯಿ ಎಷ್ಟು ಕೆಜಿ ಉಳಿದಿದೆ, ಮಿಡಿ ಯಾವ ಮರದ್ದು, ಭಾನುವಾರ ಹನ್ನೆರಡು ಜನರಿಗೆ ಊಟ ಆಗುತ್ತದೆಯೇ ಎಂದು ಕೇಳಿದರೆ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನುತ್ತಾರೆ. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಫೋನ್ ಹಚ್ಚಿರುತ್ತಾನೆ. ಅಪರಿಚಿತರ ಕರೆ ಬರುತ್ತದೆ, ಹೆಣ್ಣುಮಕ್ಕಳ ನಂಬರು ಎಲ್ಲರ ಕೈಗೂ ಸಿಗುವುದು ಬೇಡ ಎಂಬ ಆತಂಕ ಸುಳ್ಳಲ್ಲ. ಅದಕ್ಕೆ ಬೇರೊಂದು ಸಿಮ್ಮು, ವ್ಯಾಪಾರದ ವಾಟ್ಸ್ಆಪ್ ಖಾತೆ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎಂಬ ಹೊತ್ತು ಎಲ್ಲವೂ ಆಗುವಂಥದ್ದೇ. ಮಾಡಿದವರ ಹೆಸರು ಮೇಲಿನ ಸಾಲಿನಲ್ಲಿರಲಿ, ಅವರೇ ಎತ್ತುವ ನಂಬರು ಅದರ ಕೆಳಗಿರಲಿ. ಗಂಡನ ಹೆಸರೂ ಬೇಕೆನಿಸಿದರೆ ಮೂರನೆಯ ಸಾಲಿನಲ್ಲಿ ಜಾಗ ಧಾರಾಳವಾಗಿದೆ.